ಡಬ್ಬಿಗೊಂದು ಬಾಡಿಗೆ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವರು ನಾಯಿ ಇಟ್ಟುಕೊಂಡು ಬಾಡಿಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಆ ಎರಡನ್ನೂ ಮಕ್ಕಳಾಟ ಅಂದುಕೊಂಡು ಇದರ ಮೇಲೇ ಗಾದೆ ಕಟ್ಟುತ್ತಿದ್ದರು. ನಾನು ಹುಡುಕಿದ್ದೇನೆ. ಇಪ್ಪತ್ತೈದು ದಿನ, ಹತ್ತೊಂಬತ್ತು ಮನೆ. ಚಪ್ಪಲಿ ಸವೆದದ್ದು ಇರಲಿ, ನಾಲಿಗೆಯೂ ಸವೆಯಿತು.

ಒಂಬತ್ತು ವರ್ಷ ನಾವಿದ್ದ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತೇವೆ, ತಿಂಗಳೊಳಗೆ ಖಾಲಿ ಮಾಡಿ ಎಂದು ಮಾಲೀಕರು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಟ್ಟಡ ಅವರದು, ಕೆಡವುವ ಆಸೆಯೂ ಅವರದು. ಸಿಟ್ಟು ಬಂದದ್ದು ಆಮೇಲೆ. ಫೋನ್ ಮಾಡಿದಲ್ಲೆಲ್ಲ "ಎಷ್ಟು ಜನ ಇದ್ದೀರಮ್ಮಾ?" ಎಂದು ಜೇನು ಸುರಿಸುತ್ತಿದ್ದ ದನಿ, "ಒಂದು ನಾಯಿನೂ ಇದೆ" ಅಂದ ಕೂಡಲೇ ತಣ್ಣಗಾಗುತ್ತಿತ್ತು. ಆಮೇಲೆ "ನಮ್ಮೋರನ್ನ ಕೇಳಿ ಹೇಳ್ತೀನಿ" ಎಂಬ ಮಾತು. ಆ ನಮ್ಮೋರು ಯಾರೋ, ಕೇಳಿದಲ್ಲೆಲ್ಲ ಅವರು ಇಲ್ಲ ಎಂದೇ ಹೇಳಿದರು.

ನಾಯಿಯ ಹೆಸರು ಡಬ್ಬಿ. ನನ್ನ ಗಂಡ ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಐದು ವರ್ಷದ ಹಿಂದೆ ಕೆಲಸ ಮುಗಿಸಿ ಹೊರಡುವಾಗ ಖಾಲಿ ಬಣ್ಣದ ಡಬ್ಬಿಯೊಳಗೆ ಒಂದು ಮರಿ ಮಲಗಿತ್ತಂತೆ. ಎಬ್ಬಿಸುವುದು ಯಾಕೆ ಎಂದು ಡಬ್ಬಿ ಸಮೇತ ಮನೆಗೆ ತಂದರು. ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ. "ಮೂರು ದಿನ ಇರ್ಲಿ ಕಣೇ" ಅಂದರು. ನಾಲ್ಕನೇ ದಿನ ಅದಕ್ಕೆ ಹಾಲು ಬಿಸಿ ಮಾಡಿ ಆರಿಸುತ್ತಾ ನಿಂತಿದ್ದವಳು ನಾನೇ.

ಆದರೆ ಡಬ್ಬಿ ಮನೆಯಲ್ಲಿ ಉಳಿದದ್ದು ನನ್ನ ದೊಡ್ಡ ಮನಸ್ಸಿನಿಂದಲ್ಲ, ಅತ್ತೆಯ ಕಿವಿಯಿಂದ. ಒಂದು ಜ್ವರ ಬಂದು ಹೋಗುವಾಗ ಅತ್ತೆಯ ಎರಡೂ ಕಿವಿಗಳನ್ನು ಕೊಂಡೊಯ್ದಿತ್ತು. ಕಿವಿಯ ಮಷೀನು ಹಾಕಿದರೆ ತಲೆಯೊಳಗೆ ಜಾತ್ರೆ ಆಗುತ್ತದೆ ಎಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಡಬ್ಬಿಗೆ ಯಾರೂ ಏನೂ ಕಲಿಸಲಿಲ್ಲ. ಬೆಲ್ ಆದರೆ ತಾನಾಗಿಯೇ ಹೋಗಿ ಅತ್ತೆಯ ಅಂಗೈಗೆ ಮೂಗು ಒತ್ತಿ ಬಾಗಿಲ ಕಡೆ ಕರೆದೊಯ್ಯುತ್ತದೆ. ನಲ್ಲಿ ಸುರಿಯುತ್ತಿದ್ದರೆ ಬಚ್ಚಲಿಗೆ, ಹಾಲು ಉಕ್ಕಿದರೆ ಒಲೆಯ ಹತ್ತಿರಕ್ಕೆ. ಒಮ್ಮೆ ಮಧ್ಯಾಹ್ನ ಫ್ರಿಜ್ಜಿನ ಪ್ಲಗ್ಗು ಚಟಪಟ ಎಂದು ಕಿಡಿ ಹಾರಿಸತೊಡಗಿದಾಗ ಮಲಗಿದ್ದ ಅತ್ತೆಯ ಹೊದಿಕೆ ಎಳೆದು ಎಬ್ಬಿಸಿದ್ದು ಡಬ್ಬಿ. ನಾನು ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ದಿನವಿಡೀ ಇಸ್ತ್ರಿ ಮಾಡುವವಳು. ಆ ಮಧ್ಯಾಹ್ನದ ನಂತರ ನೆಮ್ಮದಿಯಾಗಿ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದರೆ ಅದು ಡಬ್ಬಿಯನ್ನು ನಂಬಿ. ಡಬ್ಬಿ ಇಲ್ಲದ ಮನೆಯಲ್ಲಿ ಅತ್ತೆಯನ್ನು ಒಬ್ಬರೇ ಬಿಡುವ ಹಾಗಿಲ್ಲ. ನಾನು ಕೆಲಸ ಬಿಡಬೇಕು, ಇಲ್ಲವೇ ಅತ್ತೆ ನಾದಿನಿಯ ಮನೆಗೆ ಹೋಗಿ ಮೂರನೇ ಮಹಡಿಯ ಕಿಟಕಿಯ ಬಳಿ ಪಾರ್ಸೆಲ್ಲಿನ ಹಾಗೆ ಕೂರಬೇಕು. ಮನೆ ಮಾಲೀಕರಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸುವಷ್ಟರಲ್ಲಿ ಅವರು ಫೋನ್ ಇಟ್ಟಾಗಿರುತ್ತಿತ್ತು.

ನೋಡಿದ ಮನೆಗಳ ಪುರಾಣ ಹೇಳಿದರೆ ಮುಗಿಯುವುದಿಲ್ಲ. ಒಬ್ಬರು, "ನಾಯಿ ಇರ್ಲಿ, ಆದ್ರೆ ಬೊಗಳಬಾರದು" ಅಂದರು. "ನೀವು ಮನೇಲಿ ಬಾಯಿ ಮುಚ್ಕೊಂಡಿರ್ತೀರಾ?" ಎಂದು ಕೇಳಿದೆ. ಆ ಮನೆ ನನ್ನ ಬಾಯಿಂದಲೇ ಹೋಯಿತು, ಒಪ್ಪಿಕೊಳ್ಳುತ್ತೇನೆ. ಇನ್ನೊಬ್ಬರು "ಬೇಕಾದ್ರೆ ಮೀನು ಸಾಕ್ಕೊಳಿ" ಎಂದು ಉದಾರರಾದರು. ಪ್ರಾಣಿಗಳಿಗೆ ಸ್ವಾಗತ ಎಂದು ಬೋರ್ಡು ಹಾಕಿದ್ದ ಒಂದೇ ಒಂದು ಮನೆಗೆ ಓಡಿ ಹೋದೆವು. ಅಲ್ಲಿ ಬಚ್ಚಲಿಗೆ ಬಾಗಿಲೇ ಇರಲಿಲ್ಲ. ಡಬ್ಬಿ ಕೂಡ ಒಳಗೆ ಇಣುಕಿ ಹಿಂದಕ್ಕೆ ಬಂತು.

ಹದಿನೇಳನೆಯ ಮನೆಯಲ್ಲಿ ನಾನು ಸುಳ್ಳು ಹೇಳಿದೆ. ನಾಯಿ ಇಲ್ಲ, ಬೆಕ್ಕಿಲ್ಲ, ಮೂರೇ ಜನ ಅಂದೆ. ಒಳ್ಳೆಯ ಗಾಳಿ, ನೆಲಮಹಡಿ, ಮೆಟ್ಟಿಲಿಲ್ಲ. ಮಾಲೀಕ ಕರಾರು ಪತ್ರ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ. ಅಷ್ಟರಲ್ಲಿ ನನ್ನ ಗಂಡ, ಗೋಡೆ ಕಂಡರೆ ಮೈಮರೆಯುವ ಆಸಾಮಿ, ಹಜಾರದ ಗೋಡೆ ಸವರುತ್ತಾ, "ಇಲ್ಲಿ ಎರಡಡಿ ಎತ್ತರದ ತನಕ ಆಯಿಲ್ ಪೇಂಟ್ ಹೊಡೀಬೇಕು ಸಾರ್. ನಮ್ಮ ಡಬ್ಬಿ ಬಾಲ ಬಡಿದೂ ಬಡಿದೂ ಗೋಡೆ ಕಪ್ಪಾಗುತ್ತೆ" ಅಂದರು. ಮಾಲೀಕ ಪೆನ್ನಿನ ಮುಚ್ಚಳ ಹಾಕಿದ. ಮನೆಗೆ ಬರುವ ತನಕ ನಾನು ಅವರ ಜೊತೆ ಮಾತಾಡಲಿಲ್ಲ. ಬಂದ ಮೇಲೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಐದು ದಿನ ಉಳಿದಿರುವಾಗ ನಾದಿನಿ ಬಂದಳು. ಅವಳ ಮನಸ್ಸು ಒಳ್ಳೆಯದೇ. "ಅತ್ತಿಗೆ, ಊರಾಚೆ ನಮ್ಮ ಪರಿಚಯದವರ ತೋಟ ಇದೆ. ಡಬ್ಬಿ ಅಲ್ಲಿರ್ಲಿ. ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ" ಅಂದಳು. ಅತ್ತೆಗೆ ಕಿವಿ ಕೇಳದಿದ್ದರೂ ತುಟಿ ಓದಲು ಬರುತ್ತದೆ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ. "ತೋಟಕ್ಕೆ ಹೋಗೋದಾದ್ರೆ ನಾನೂ ಹೋಗ್ತೀನಿ. ಇಬ್ಬರೂ ಗೇಟ್ ಕಾಯ್ತೀವಿ" ಅಂದರು. ತಮ್ಮ ದನಿ ತಮಗೇ ಕೇಳುವುದಿಲ್ಲವಾದ್ದರಿಂದ ಅತ್ತೆ ಮಾತಾಡಿದರೆ ಎದುರುಮನೆಯವರೂ ಉತ್ತರ ಕೊಡಬಹುದು. ಹೇಳುವಷ್ಟು ಹೇಳಿ ಡಬ್ಬಿಯ ತಲೆಯ ಮೇಲೆ ಕೈಯಿಟ್ಟು ಗೋಡೆಯ ಕಡೆ ತಿರುಗಿ ಕೂತರು. ಅವರ ಭುಜ ಅಲುಗುತ್ತಿತ್ತು.

ಅದೇ ಸಂಜೆ ನನ್ನ ಗಂಡನ ಫೋನಿಗೆ ಲೆಕ್ಕದ ಟೀಚರ್ ಕರೆ ಮಾಡಿದರು. ಎರಡು ಬೀದಿ ಆಚೆ ಅವರ ಸ್ವಂತ ಮನೆ. ನಿವೃತ್ತರಾದ ಮೇಲೆ ಮಹಡಿಯಲ್ಲಿ ತಾವಿದ್ದು ಕೆಳಗಿನದನ್ನು ಬಾಡಿಗೆಗೆ ಕೊಡುತ್ತಾರೆ. ಬಾಡಿಗೆಯವರು ಬಿಟ್ಟಾಗಲೆಲ್ಲ ಬಣ್ಣಕ್ಕೆ ಕರೆಯುವುದು ಇವರನ್ನೇ. ಆ ಬೀದಿಯ ಅರ್ಧ ಮನೆಗಳ ಕೆಲಸ ಇವರಿಗೆ ಸಿಕ್ಕಿದ್ದೂ ಟೀಚರ್ ಹೇಳಿದ ಒಂದು ಒಳ್ಳೆಯ ಮಾತಿನಿಂದ.

"ಅಂದ್ರೆ ಕೆಳಗಿನ ಮನೆ ಖಾಲಿಯಾಗಿದೆ!" ಅಂದೆ.

"ಅಲ್ಲಿ ಆಗಲ್ಲ ಕಣೇ" ಅಂದರು, ನೆಲ ನೋಡುತ್ತಾ.

"ಕೇಳಿ ನೋಡಿದೀರಾ?"

"ಆಗಲ್ಲ ಅಂದ್ನಲ್ಲ."

ಕೇಳದೆಯೇ ಆಗಲ್ಲ ಎನ್ನುವವರನ್ನು ಕಂಡರೆ ನನಗಾಗದು. ಮರುದಿನ ಅರ್ಧ ದಿನ ರಜೆ ಹಾಕಿ ಅವರ ಹಿಂದೆಯೇ ಹೊರಟೆ. ಗೇಟಿನಲ್ಲೇ ಬೋರ್ಡು: ಮನೆ ಬಾಡಿಗೆಗಿದೆ, ಪ್ರಾಣಿಗಳಿರುವವರು ದಯವಿಟ್ಟು ಬೆಲ್ ಮಾಡಬೇಡಿ. ನಾನು ಬೆಲ್ ಮಾಡಿದೆ.

ಟೀಚರ್ ಸಣ್ಣ ಮೈಯವರು. ಕನ್ನಡಕದ ಮೇಲಿಂದ ನೋಡಿದರೆ ಮನೆಪಾಠ ಮಾಡಿಲ್ಲವೇನೋ ಎಂದು ನಮಗೇ ಅನುಮಾನ ಹುಟ್ಟಬೇಕು, ಹಾಗೆ ನೋಡುತ್ತಾರೆ. ನಾನು ಈ ಸಲ ಸುಳ್ಳು ಹೇಳಲಿಲ್ಲ. ಅತ್ತೆಯ ಕಿವಿ, ಫ್ರಿಜ್ಜಿನ ಪ್ಲಗ್ಗು, ಉಳಿದ ನಾಲ್ಕು ದಿನ, ಎಲ್ಲ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಅಷ್ಟು ಮರ್ಯಾದೆ ಹದಿನೆಂಟನೆಯ ಮನೆಯ ತನಕ ಸಿಕ್ಕಿರಲಿಲ್ಲ.

"ನೋಡಮ್ಮ, ನಿಮ್ಮ ಮೇಲೆ ನಂಗೆ ಬೇಜಾರಿಲ್ಲ. ನಾಯಿ ಮೇಲೂ ಇರ್ಲಿಲ್ಲ. ಆರು ವರ್ಷದ ಹಿಂದೆ ಒಂದು ಗಂಡಹೆಂಡತಿ ನಾಯಿ ಇಟ್ಕೊಂಡಿದ್ರು. ಅವರು ಹೋದಾಗ ಬಂದು ನೋಡ್ತೀನಿ, ಈ ಗೋಡೆ ಉದ್ದಕ್ಕೂ ಗುಂಡಿ ಗುಂಡಿ. ಕೇಳಿದ್ರೆ ನಮ್ಮ ನಾಯಿ ಮಾಡಿಲ್ಲ ಅಂತ ವಾದ. ಮಾಡಿದ್ದಕ್ಕಿಂತ ಸುಳ್ಳು ಹೇಳಿದ್ದು ನಂಗೆ ಬೇಜಾರಾಯ್ತು. ನಾನು ಸಾಕ್ಷಿ ಇಲ್ಲದೆ ಮಾತಾಡಲ್ಲ. ನಿಮ್ಮ ಯಜಮಾನರನ್ನೇ ಕೇಳಿ, ಆ ಗುಂಡಿಗಳನ್ನ ಮುಚ್ಚಿದ್ದು ಅವರೇ."

ಯಜಮಾನರು ಏಣಿಯ ಮೇಲಿದ್ದರು. ಆಗಲೇ ನುಣ್ಣಗಾಗಿದ್ದ ಜಾಗವನ್ನು ಉಜ್ಜುಕಾಗದದಿಂದ ಮತ್ತೆ ಮತ್ತೆ ಉಜ್ಜುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹದಿನಾಲ್ಕು ವರ್ಷ ಸಂಸಾರ ಮಾಡಿದ ನನಗೆ ಆ ಹೆಗಲು ಚೆನ್ನಾಗಿ ಗೊತ್ತು. ಟೀಚರ್ ಮಹಡಿ ಹತ್ತಿದ ಮೇಲೆ ಏಣಿಯ ಬುಡ ಹಿಡಿದುಕೊಂಡು, "ಇಳೀರಿ ಕೆಳಗೆ" ಅಂದೆ.

ಇಳಿದರು. ಬಣ್ಣದ ಡ್ರಮ್ಮಿನ ಮೇಲೆ ಕೂತು ಅಂಗೈಯ ಪುಡಿ ಉಜ್ಜಿಕೊಂಡರು.

"ನಾಯಿ ಮಾಡಿದ್ದಲ್ಲ" ಅಂದರು. "ಮೊದಲು ಇಲ್ಲಿ ಟೀಚರಮ್ಮ ಟ್ಯೂಷನ್ ಮಾಡ್ತಿದ್ರು. ಗೋಡೆಗೆ ತುದಿ ತಾಗಿಸಿ ಒಂದರ ಹಿಂದೊಂದು ಬೆಂಚು ಹಾಕಿದ್ರು. ಮಕ್ಕಳು ಹತ್ತೋದು ಇಳಿಯೋದು, ಬೆಂಚಿನ ಮೂಲೆ ಹೊಡೆದೂ ಹೊಡೆದೂ ಗುಂಡಿ ಬಿದ್ದಿತ್ತು. ಬೆಂಚು ತೆಗೆಸಿದ ದಿನ ಅವರು ಆಸ್ಪತ್ರೆಲಿದ್ರು, ಗೋಡೆ ನೋಡೇ ಇಲ್ಲ. ನಂದು ಅದು ಮೊದಲನೇ ಸ್ವಂತ ಕೆಲಸ. ಎರಡೇ ದಿನದಲ್ಲಿ ಬಾಡಿಗೆಯವರು ಬರ್ತಾರೆ ಅಂದ್ರು. ಧೂಳು ತೆಗೀಲಿಲ್ಲ, ಪ್ರೈಮರ್ ಹೊಡೀಲಿಲ್ಲ. ಗುಂಡಿಗೆ ಹಾಗೇ ಪುಟ್ಟಿ ತುಂಬಿ ಮೇಲೆ ಬಣ್ಣ ಎಳೆದುಬಿಟ್ಟೆ. ಐದು ವರ್ಷ ಹೇಗೋ ನಿಂತ್ಕೊಂಡಿತ್ತು. ಆಮೇಲೆ ಒಣಗಿ ಉದುರಿದೆ. ಅಷ್ಟೊತ್ತಿಗೆ ಆ ನಾಯಿಯವರಿದ್ರು."

"ನಿಮಗೆ ಗೊತ್ತಿತ್ತು!"

"ಮತ್ತೆ ಮುಚ್ಚೋವಾಗ ಗೊತ್ತಾಯ್ತು. ನನ್ನ ಕೈಕೆಲಸ ನಂಗೆ ಗೊತ್ತಾಗಲ್ವಾ?"

ಪೇಂಟರುಗಳಲ್ಲಿ ಒಂದು ಕಟ್ಟಳೆಯಿದೆ. ಗೋಡೆಯ ಮೇಲೆ ಕಂಡದ್ದು ಪುಟ್ಟಿಯ ಕೆಳಗೇ ಇರಬೇಕು, ಬಾಯಿಗೆ ಬರಬಾರದು. ಯಾವ ಮನೆಯಲ್ಲಿ ತಟ್ಟೆ ಎಸೆದ ಕಲೆಯಿದೆ, ಯಾವ ಕೋಣೆಯ ಚಿಲಕ ಒಳಗಿನಿಂದ ಕಿತ್ತಿದೆ, ಎಲ್ಲ ಅವರಿಗೆ ಗೊತ್ತು. ಹೇಳುವುದಿಲ್ಲ. ಹಾಗಿರುವುದರಿಂದಲೇ ಜನ ಬೀಗದ ಕೈ ಕೊಟ್ಟು ಹೋಗುತ್ತಾರೆ. ನನ್ನ ಗಂಡ ಆ ಕಟ್ಟಳೆಯ ಹಿಂದೆ ತಮ್ಮ ತಪ್ಪನ್ನೂ ಮುಚ್ಚಿಟ್ಟಿದ್ದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ಬೆಂಚು ಹೊಡೆದಿದ್ದಕ್ಕೆ, ನೀವು ಬಳಿದಿದ್ದಕ್ಕೆ, ಯಾರದೋ ನಾಯಿ ಮೇಲೆ ಹಾಕಿ ಆರು ವರ್ಷ ನಿದ್ದೆ ಮಾಡಿದ್ರಲ್ಲ! ಈಗ ಆ ಬರೆ ನಮ್ಮ ಡಬ್ಬಿಗೇ ಬಂತು!"

"ಹೇಳಿದ್ರೆ ಈ ಬೀದಿಲಿ ಯಾರೂ ನನ್ನ ಕೈಗೆ ಬ್ರಷ್ ಕೊಡಲ್ಲ ಕಣೇ" ಅಂದರು. ತೀರಾ ಮೆಲ್ಲಗೆ ಅಂದರು.

ಅವರ ದುಡಿಮೆ ನಿಂತರೆ ಮನೆ ಸಿಕ್ಕಿ ಏನು ಬಂತು? ಅತ್ತ ದರಿ, ಇತ್ತ ಪುಲಿ. ನಾನೇ ಹೋಗಿ ಟೀಚರಿಗೆ ಹೇಳಿಬಿಡಲೇ ಎಂದು ಮೆಟ್ಟಿಲ ತನಕ ಹೋದೆ. ಅಲ್ಲಿಂದ ವಾಪಸು ಬಂದೆ. ಅದು ನಾನು ಹೇಳುವ ಮಾತಲ್ಲ ಅನ್ನಿಸಿತು. "ಕೈ ನಿಮ್ಮದು, ಗೋಡೆ ನಿಮ್ಮದು. ನೋಡಿ" ಎಂದಷ್ಟೇ ಹೇಳಿ ಅಂಗಡಿಗೆ ಹೋದೆ. ಆ ದಿನ ಮೂರು ಅಂಗಿಗಳ ಕಾಲರು ಸುಟ್ಟೆ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. "ಒಂದ್ಸಲ ಬರ್ತೀಯಾ? ಒಬ್ಬನೇ ಹೇಳೋಕೆ ಧೈರ್ಯ ಸಾಲ್ತಿಲ್ಲ."

ಏಪ್ರನ್ನೂ ಬಿಚ್ಚದೆ ಓಡಿದೆ. ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ. ಆ ಉದ್ದದ ಗೋಡೆಯನ್ನು ಅವರು ಮೊಣಕಾಲಿನ ಎತ್ತರದಲ್ಲಿ ಒಂದು ಪಟ್ಟಿ ಉದ್ದಕ್ಕೂ ಕೆರೆದು ಬಿಟ್ಟಿದ್ದರು. ಹಸಿರು, ತಿಳಿಹಳದಿ, ಕೆನೆ, ಬಿಳಿ, ಹನ್ನೊಂದು ವರ್ಷದ ಬಣ್ಣಗಳೆಲ್ಲ ಪದರ ಪದರವಾಗಿ ಅಂಚಿನಲ್ಲಿ ಕಾಣುತ್ತಿದ್ದವು. ಕೆಳಗೆ ಬರಿಯ ಗಾರೆ. ಗಾರೆಯಲ್ಲಿ ಹೆಬ್ಬೆರಳು ಹೋಗುವಷ್ಟು ಗುಂಡಿಗಳು, ಒಂದರ ನಂತರ ಒಂದು. ಉಳಿಯಿಂದ ಪುಟ್ಟಿಯನ್ನೆಲ್ಲ ಬಿಡಿಸಿ ಗುಂಡಿಗಳನ್ನು ಬ್ರಷ್ಷಿನಲ್ಲಿ ಗುಡಿಸಿಯೂ ಇಟ್ಟಿದ್ದರು. ಮಾಡುವ ಕೆಲಸ ಮಾಡಿಬಿಟ್ಟಿದ್ದರು ನನ್ನ ಮೌನಿ. ಆ ಕ್ಷಣಕ್ಕೆ ಮನೆ ಸಿಗದಿದ್ದರೂ ಸರಿ, ಇಂಥವರ ಜೊತೆ ಬೀದಿಯಲ್ಲಾದರೂ ಇರಬಹುದು ಅನ್ನಿಸಿತು. ಹಾಗಂತ ಹೇಳಲಿಲ್ಲ, ತಲೆಗೇರುತ್ತದೆ.

ಟೀಚರ್ ಇಳಿದು ಬಂದರು. ಗೋಡೆ ನೋಡಿ ಹುಬ್ಬು ಗಂಟಿಕ್ಕಿದರು. "ಬಣ್ಣ ಹೊಡೀರಿ ಅಂದ್ರೆ ಅಗೆದು ಹಾಕಿದೀರಲ್ಲ ಪೇಂಟರ್ರೇ?"

"ನೀವೇ ನೋಡಿ ಟೀಚರಮ್ಮ" ಅಂದರು ಇವರು. ಒಂದು ಗುಂಡಿಯ ತಳಕ್ಕೆ ಟಾರ್ಚು ಹಿಡಿದರು. ಗಾರೆಗೆ ಅಂಟಿಕೊಂಡು ಕಂದು ವಾರ್ನಿಷ್ಷಿನ ಗೀರು.

ಟೀಚರ್ ಬಗ್ಗಿ ನೋಡಿದರು. ಮುಂದಿನ ಗುಂಡಿ ನೋಡಿದರು. ಅದರ ಮುಂದಿನದನ್ನು ನೋಡಿದರು. ಆಮೇಲೆ ಮಹಡಿಗೆ ಹೋಗಿ ಉದ್ದನೆಯ ಮರದ ಸ್ಕೇಲು ತಂದರು. ನೆಲದ ಮೇಲೆ ಮೊಣಕಾಲೂರಿ ಕೂತು ಗುಂಡಿಯಿಂದ ಗುಂಡಿಗೆ ಅಳೆದರು.

"ಮೂವತ್ತೆರಡು" ಅಂದರು. ಸರಿದು ಕೂತರು. "ಮೂವತ್ತೆರಡು." ಮತ್ತೆ ಸರಿದರು. "ಮೂವತ್ತೆರಡೂವರೆ. ಈ ಬೆಂಚಿನ ಕಾಲು ಸ್ವಲ್ಪ ಸೊಟ್ಟ ಇತ್ತು."

ಬೆಂಚಿನ ವಿಷಯವನ್ನು ನಾವಿನ್ನೂ ಅವರಿಗೆ ಹೇಳಿರಲೇ ಇಲ್ಲ.

ಆಗ ನನ್ನ ಗಂಡ ಎಲ್ಲ ಹೇಳಿದರು. ಪ್ರೈಮರ್ ಹೊಡೆಯದೆ ಬಿಟ್ಟದ್ದು, ಪುಟ್ಟಿ ಉದುರಿದ್ದು, ಗೊತ್ತಿದ್ದೂ ಬಾಯಿ ಬಿಡದಿದ್ದದ್ದು. ಒಂದನ್ನೂ ನುಂಗಲಿಲ್ಲ. ಟೀಚರ್ ನೆಲದ ಮೇಲೆ ಕೂತೇ ಕೇಳಿದರು. ಸ್ಕೇಲು ತೊಡೆಯ ಮೇಲಿತ್ತು. ಈಗ ಅದು ಇವರ ಅಂಗೈಗೆ ಬೀಳುತ್ತದೆ ಎಂದೇ ನಾನು ಅಂದುಕೊಂಡೆ.

"ಯಾವ ನಾಯಿನೂ ಮೂವತ್ತೆರಡು ಇಂಚಿಗೊಂದು ಗುಂಡಿ ತೋಡಲ್ಲ" ಅಂದರು ಟೀಚರ್. "ಅಳೀಬೇಕಿತ್ತು ನಾನು. ಮೂವತ್ತು ವರ್ಷ ಮಕ್ಕಳಿಗೆ ಅಳೆದು ಹೇಳಿ ಅಂತ ಬಡ್ಕೊಂಡೆ, ನಾನೇ ಅಳೀಲಿಲ್ಲ." ಎದ್ದು, ಸೊಂಟ ಹಿಡಿದುಕೊಂಡು, ಮಹಡಿ ಹತ್ತಿ ಹೋದರು. ಮೇಲೆ ಬಾಗಿಲು ಹಾಕಿದ ಸದ್ದಾಯಿತು.

"ಮುಗೀತು" ಅಂದರು ಇವರು. ಬ್ರಷ್ಷುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕತೊಡಗಿದರು. ನಾನು ಹಾಸಿದ್ದ ಹಳೆ ಪೇಪರುಗಳನ್ನು ಮಡಚಿದೆ.

ಚೀಲ ಕಟ್ಟುವ ಹೊತ್ತಿಗೆ ಟೀಚರ್ ಮತ್ತೆ ಇಳಿದರು. ಕೈಯಲ್ಲಿ ಒಂದು ಹಳೆಯ ಡೈರಿ, ಇನ್ನೊಂದು ಕೈಯಲ್ಲಿ ಫೋನು. ನಮ್ಮ ಎದುರೇ ನಿಂತು ನಂಬರ್ ಒತ್ತಿದರು.

"ನಾನು ನಿಮ್ಮ ಹಳೇ ಮನೆ ಓನರ್. ಹೌದು, ಲೆಕ್ಕದ ಟೀಚರ್. ಇಡಬೇಡಿ, ಒಂದು ನಿಮಿಷ. ಆ ಗೋಡೆ ವಿಷಯ. ನಿಮ್ಮ ನಾಯಿ ಬಟನ್ ಮಾಡಿದ್ದಲ್ಲ, ನನ್ನ ಬೆಂಚು ಮಾಡಿದ್ದು. ಇವತ್ತು ಗೊತ್ತಾಯ್ತು. ನೀವು ನಿಜ ಹೇಳಿದ್ರಿ, ನಾನು ನಂಬಲಿಲ್ಲ. ತಪ್ಪಾಯ್ತು." ಆ ಕಡೆಯಿಂದ ಏನೋ ಮಾತು. "ಬಟನ್ ಹೇಗಿದಾನೆ? ಓ. ಯಾವಾಗ?" ಕನ್ನಡಕ ತೆಗೆದು ತೋಳಿನಿಂದಲೇ ಕಣ್ಣೊರೆಸಿಕೊಂಡರು. "ಅವನ ಮೇಲೆ ಸುಮ್ಮನೆ ಅಪವಾದ ಹೊರಿಸಿದೆ. ಒಂದಿನ ಬನ್ನಿ ಇಬ್ಬರೂ. ಖಂಡಿತ ಬನ್ನಿ."

ಫೋನ್ ಇಟ್ಟು ಇವರ ಕಡೆ ತಿರುಗಿದರು. "ನೀವು ಚೀಲ ಯಾಕೆ ಕಟ್ಟಿದ್ರಿ? ಕೆಳಗಿಂದು ಮುಗಿಸಿ, ಮೇಲಿಂದೂ ಹೊಡೀಬೇಕು. ಪ್ರೈಮರ್ ಹಾಕೋವಾಗ ನಾನು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂರ್ತೀನಿ."

"ಆಗ್ಲಿ ಟೀಚರಮ್ಮ" ಎಂದ ನನ್ನ ಗಂಡನ ದನಿ ಎಂಟನೇ ತರಗತಿ ಹುಡುಗನದಾಗಿತ್ತು.

ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಿಮ್ಮ ನಾಯಿ ಎಲ್ಲಿ? ಹೇಳಿದ್ದನ್ನೆಲ್ಲ ನಂಬಲ್ಲ ನಾನು. ನೋಡಬೇಕು."

ಹತ್ತೇ ನಿಮಿಷದಲ್ಲಿ ಅತ್ತೆಯನ್ನೂ ಡಬ್ಬಿಯನ್ನೂ ಕರೆತಂದೆ. ಅತ್ತೆ ಹಜಾರದ ನಡುವೆ ಬಣ್ಣದ ಡ್ರಮ್ಮಿನ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತರು. ಟೀಚರ್ ಹೊರಗೆ ಹೋಗಿ ಬಾಗಿಲೆಳೆದುಕೊಂಡು ಬೆಲ್ ಒತ್ತಿದರು. ಹೊಸ ಮನೆ, ಹೊಸ ವಾಸನೆ, ಕೇಳಿ ಗೊತ್ತಿಲ್ಲದ ಬೆಲ್ಲು. ಡಬ್ಬಿ ಆಗಷ್ಟೇ ಬಕೆಟ್ಟು ಮೂಸುತ್ತಿತ್ತು. ಡಬ್ಬಿ ಕಿವಿ ನಿಮಿರಿಸಿ ಒಂದು ಕ್ಷಣ ನಿಂತಿತು. ಆಮೇಲೆ ನೇರವಾಗಿ ಹೋಗಿ ಅತ್ತೆಯ ಅಂಗೈಗೆ ಮೂಗು ಒತ್ತಿತು. ಅತ್ತೆ ಎದ್ದು, ಅದರ ಹಿಂದೆ ನಡೆದು, ಬಾಗಿಲು ತೆಗೆದು, "ಯಾರು ಬೇಕಿತ್ತು?" ಎಂದು ಟೀಚರನ್ನೇ ಗದರಿಸಿ ಕೇಳಿದರು.

"ನಿಮ್ಮನ್ನೇ ನೋಡೋಕೆ ಬಂದೆ" ಅಂದರು ಟೀಚರ್, ತುಟಿ ಬಿಡಿಸಿ, ನಿಧಾನವಾಗಿ.

ಕರಾರು ಪತ್ರ ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿಕೊಂಡಿತು. ಏಳನೆಯ ಷರತ್ತು ಅಚ್ಚಾಗಿಯೇ ಇತ್ತು: ಮನೆಯಲ್ಲಿ ಯಾವುದೇ ಪ್ರಾಣಿಯನ್ನು ಸಾಕಕೂಡದು. ಟೀಚರ್ ಕೆಂಪು ಪೆನ್ನು ತೆಗೆದು, ಸ್ಕೇಲಿಟ್ಟು, ಆ ಸಾಲಿನ ಮೇಲೆ ನೆಟ್ಟಗೆ ಗೆರೆ ಎಳೆದರು. ಮೇಲೆ ಗುಂಡು ಅಕ್ಷರದಲ್ಲಿ ಬೇರೆಯದನ್ನು ಬರೆದು, ತಿದ್ದಿದ್ದಕ್ಕೆ ಪಕ್ಕದಲ್ಲಿ ಸಹಿ ಹಾಕಿದರು. ನನ್ನ ಗಂಡ ಸಹಿ ಹಾಕಿದರು. ನಾನೂ ಹಾಕಿದೆ.

ಅತ್ತೆ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು, ಬೆಳಕು ಸಾಲದೆಂದು ಹೊರಗೆ ಗೇಟಿನ ಬಳಿ ಹೋಗಿ, ಕಣ್ಣಿಗೆ ಹತ್ತಿರ ಹಿಡಿದು ಜೋರಾಗಿ ಓದಿದರು. "ಡಬ್ಬಿ ಎಂಬ ನಾಯಿ, ತನ್ನ ಮನೆಯವರೊಂದಿಗೆ, ಈ ಮನೆಯಲ್ಲಿ ವಾಸ ಮಾಡತಕ್ಕದ್ದು!"

ಎದುರುಮನೆಯ ಕಿಟಕಿ ತೆರೆಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಕಾಲೂರಿ ನಿಂತರು. "ಅಮ್ಮಾ, ಮೆಲ್ಲಗೆ" ಎಂದು ನನ್ನ ಗಂಡ ಅವರ ಕಡೆ ಹೊರಟರು. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ತಿಂಗಳಿಡೀ ನಾಯಿ ಎಂಬ ಮಾತನ್ನು ಫೋನಿನಲ್ಲಿ ಪಿಸುಗುಟ್ಟಿದ್ದವಳು ನಾನು. ಅತ್ತೆಯ ಎದುರು ಹೋಗಿ, ನನ್ನ ತುಟಿ ಚೆನ್ನಾಗಿ ಕಾಣುವ ಹಾಗೆ ನಿಂತು ಹೇಳಿದೆ:

"ಇನ್ನೊಂದ್ಸಲ ಓದಿ ಅತ್ತೆ. ಇನ್ನೂ ಜೋರಾಗಿ."